ಸಹಾಯ ಬೇಕು: ಲೂಸಿ ಮತ್ತು ತುರ್ಕಾನಾ ಹುಡುಗನ ಮೂಳೆಗಳ ಹೋಲಿಕೆ

ನಮಸ್ಕಾರ. ಪಿಯುಸಿ ಮಕ್ಕಳಿಗೆ ಮಾನವ ವಿಕಾಸದ ಪಾಠ ಸಿದ್ಧ ಮಾಡುತ್ತಿದ್ದೇನೆ. ಇಥಿಯೋಪಿಯಾದ ಹಡಾರ್‌ನಲ್ಲಿ 1974ರಲ್ಲಿ ಸಿಕ್ಕ ಲೂಸಿ (ಸುಮಾರು 32 ಲಕ್ಷ ವರ್ಷ ಹಿಂದಿನವಳು), ಕೀನ್ಯಾದ ತುರ್ಕಾನಾ ಸರೋವರದ ಬಳಿ 1984ರಲ್ಲಿ ಸಿಕ್ಕ ಹುಡುಗ (ಸುಮಾರು 15 ಲಕ್ಷ), ಮನುಷ್ಯನ ಈ ಇಬ್ಬರು ಪ್ರಾಚೀನ ಸಂಬಂಧಿಗಳ ಅಸ್ಥಿಪಂಜರವನ್ನೂ ಪಕ್ಕಪಕ್ಕ ತೋರಿಸುವ ಆಸೆ. ಲೂಸಿಯ ಸೊಂಟದ ಮೂಳೆ ಗಿಡ್ಡ, ಅಗಲ; ತೊಡೆಮೂಳೆ ಮಂಡಿಯತ್ತ ಒಳಕ್ಕೆ ವಾಲಿದೆ. ಎರಡು ಕಾಲಲ್ಲಿ ನಡೆದಳು ಅನ್ನಲು ಇವೇ ಸಾಕ್ಷಿ. ಆದರೆ ಮೇಲ್ತೋಳಿನ ಮೂಳೆ ತೊಡೆಮೂಳೆಯ ಸುಮಾರು ಶೇ. 85ರಷ್ಟು ಉದ್ದ! ನಮ್ಮಲ್ಲಿ ಅದು ಶೇ. 70ರ ಆಸುಪಾಸು; ಅಂದರೆ ತೋಳಿಗೆ ಹೋಲಿಸಿದರೆ ಲೂಸಿಯ ಕಾಲು ಗಿಡ್ಡ. ಹುಡುಗನ ಕಾಲುಗಳೋ ನಮ್ಮಂತೆಯೇ ನೀಳ.

ತೊಡಕು ಇಷ್ಟೇ: ಲೂಸಿ ಬೆಳೆದ ಹೆಣ್ಣು, ಅವನು ಇನ್ನೂ ಬೆಳೆಯುತ್ತಿದ್ದ ಬಾಲಕ. ಈ ಅನುಪಾತಗಳನ್ನು ನೇರವಾಗಿ ಹೋಲಿಸಬಹುದೇ? ಅಂಗರಚನಾಶಾಸ್ತ್ರ, ಮಾನವಶಾಸ್ತ್ರ ಓದಿದವರು ದಯವಿಟ್ಟು ತಿಳಿಸಿ. ಲೂಸಿಯ ಸೊಂಟದ ಮೂಳೆಯ ಪ್ರತಿಕೃತಿ ಯಾರ ಕಾಲೇಜಿನಲ್ಲಾದರೂ ಇದ್ದರೆ ಹೇಳಿ, ಮಕ್ಕಳನ್ನು ಕರೆತರುತ್ತೇನೆ.