ಕಾಣೆಯಾದ ಮಗುವಿನ ಥ್ರಿಲ್ಲರ್: ಮಗನನ್ನು ಕಳೆದುಕೊಂಡ ಅಕ್ಕನ ಜೊತೆ ನೋಡಬಹುದಾ?

ಕೇಳಿದವರು:
ಕಾಯಿಲೆಯಲ್ಲಿ ಮಗನನ್ನು ಕಳೆದುಕೊಂಡ ನನ್ನ ಅಕ್ಕ ಈಗ ನಿಧಾನಕ್ಕೆ ಮತ್ತೆ ಸಿನಿಮಾ ನೋಡಲು ಶುರು ಮಾಡಿದ್ದಾಳೆ. ಮೊದಲಿನಿಂದಲೂ ಅವಳಿಗೆ ಥ್ರಿಲ್ಲರ್ ಅಂದರೆ ಇಷ್ಟ. ಮೊನ್ನೆ ತಾನಾಗಿಯೇ ‘ಪ್ರಿಸನರ್ಸ್’ ನೋಡೋಣ ಅಂದಳು. ಕಾಣೆಯಾದ ಮಕ್ಕಳನ್ನು ಅಪ್ಪ ಅಮ್ಮ ಹುಡುಕುವ ಕಥೆ ಅಂತ ಅವಳಿಗೂ ಗೊತ್ತು. ಬೇಡ ಅನ್ನಲೋ, ಜೊತೆಗೆ ಕೂರಲೋ ತಿಳಿಯುತ್ತಿಲ್ಲ. ಇಂಥ ನೋವು ಉಂಡವರು ಇಂಥ ಸಿನಿಮಾ ನೋಡಿದ್ದರೆ ದಯವಿಟ್ಟು ಹೇಳಿ. ಕಥೆಯ ಕೊನೆ ಬಯಲಾದರೂ ಪರವಾಗಿಲ್ಲ.

ಮಗಳನ್ನು ಕಳೆದುಕೊಂಡ ತಾಯಿ:
ಬೇಡ ಅನ್ನಬೇಡಿ. ಮಗು ಹೋದ ಮೇಲೆ ನಮ್ಮ ಪರವಾಗಿ ಎಲ್ಲರೂ ತೀರ್ಮಾನ ಮಾಡಲು ಶುರು ಮಾಡುತ್ತಾರೆ. ಯಾವ ಮಾತು ನಮ್ಮೆದುರು ಆಡಬಾರದು, ಯಾರ ಮಗುವಿನ ಹುಟ್ಟುಹಬ್ಬಕ್ಕೆ ಕರೆಯಬಾರದು, ಏನು ತೋರಿಸಬಾರದು. ಒಳ್ಳೆಯದಕ್ಕೇ ಮಾಡುತ್ತಾರೆ, ಆದರೆ ಉಸಿರು ಕಟ್ಟಿದ ಹಾಗಾಗುತ್ತದೆ. ನಿಮ್ಮ ಅಕ್ಕ ತಾವಾಗಿ ಹೆಸರು ತೆಗೆದಿದ್ದಾರೆ. ಒಳಗೆ ಏನೇನಿದೆ ಅಂತ ಮುಂಚೆಯೇ ಹೇಳಿ, ಸಾಕು.

‘ಪ್ರಿಸನರ್ಸ್’ 2013ರ ಸಿನಿಮಾ, 153 ನಿಮಿಷ. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಇಬ್ಬರು ಪುಟ್ಟ ಹುಡುಗಿಯರು ಕಾಣೆಯಾಗುತ್ತಾರೆ. ಪೊಲೀಸರು ಸಾಕ್ಷಿ ಸಿಗದೆ ಬಿಟ್ಟು ಕಳಿಸಿದ ಯುವಕನನ್ನು ಒಬ್ಬಳ ಅಪ್ಪ, ಅಂದರೆ ಹ್ಯೂ ಜಾಕ್‌ಮನ್, ಪಾಳುಬಿದ್ದ ಕಟ್ಟಡದಲ್ಲಿ ಕೂಡಿಹಾಕಿ ಹಿಂಸಿಸುತ್ತಾನೆ. ಅದು ತುಂಬಾ ಹೊತ್ತು ನಡೆಯುತ್ತದೆ. ಮಕ್ಕಳಿಬ್ಬರೂ ಕೊನೆಗೆ ಜೀವಂತ ಸಿಗುತ್ತಾರೆ. ಇದನ್ನೂ ಹೇಳಿಬಿಡಿ.

ಹೊಡೆತದ ದೃಶ್ಯಗಳನ್ನು ಹೇಗೋ ನೋಡಿದೆ. ನನಗೆ ತಡೆಯಲಾಗದೇ ಹೋದದ್ದು ಆ ಹುಡುಗಿಯ ಅಮ್ಮನನ್ನು. ಮಾತ್ರೆ ನುಂಗಿ ಮಲಗಿದವಳು ಹಾಸಿಗೆ ಬಿಟ್ಟು ಏಳುವುದೇ ಅಪರೂಪ. ಗಂಡ ಹೊರಗೆ ಓಡಾಡುತ್ತಲೇ ಇರುತ್ತಾನೆ. ನಮ್ಮ ಮನೆಯಲ್ಲೂ ಹೀಗೇ ಇತ್ತು. ಒಬ್ಬರು ಓಡುತ್ತಿದ್ದೆವು, ಒಬ್ಬರು ಮಲಗಿದ್ದೆವು, ಮಾತು ಇರಲಿಲ್ಲ. ನಿಮ್ಮ ಭಾವನೂ ಜೊತೆಗೆ ಕೂರುವುದಾದರೆ ಅವರಿಗೂ ತಿಳಿಸಿ.

ಒಬ್ಬ ತಂದೆ:
ಮೇಲಿನ ಮಾತು ಬಹಳ ಮಟ್ಟಿಗೆ ಸರಿ. ಆದರೆ ಮಕ್ಕಳು ಸಿಗುತ್ತಾರೆ ಅಂತ ಹೇಳಿದರೆ ನಿಮ್ಮ ಅಕ್ಕನಿಗೆ ಸಮಾಧಾನ ಆಗುತ್ತದೆ ಅಂದುಕೊಳ್ಳಬೇಡಿ.

ನನ್ನ ಮಗನೂ ಕಾಯಿಲೆಯಲ್ಲೇ ಹೋದ. ಆ ಸಿನಿಮಾ ನೋಡುವಾಗ ನನಗೆ ಅಳು ಬರಲಿಲ್ಲ, ಹೊಟ್ಟೆಕಿಚ್ಚಾಯಿತು. ಆ ಅಪ್ಪನಿಗೆ ಹುಡುಕಲು ಜಾಗ ಇದೆ. ಕೋಪ ತೀರಿಸಿಕೊಳ್ಳಲು ಒಬ್ಬ ಮನುಷ್ಯ ಇದ್ದಾನೆ. ಕೈಯಲ್ಲಿ ಸುತ್ತಿಗೆ ಇದೆ. ಅವನು ಮಾಡುವುದು ತಪ್ಪು, ಸಿನಿಮಾನೂ ಅದನ್ನು ಸರಿ ಅನ್ನುವುದಿಲ್ಲ. ಆದರೂ ಅವನಿಗೆ ಮಾಡಲು ಏನೋ ಇದೆ ಅಲ್ವಾ? ನನಗೆ ಏನೂ ಇರಲಿಲ್ಲ. ಯಾರನ್ನು ಬೈಯಲಿ, ಎಲ್ಲಿಗೆ ಓಡಲಿ? ನಮ್ಮಂಥವರನ್ನು ಈ ಕಥೆಗಳು ಎಳೆಯುವುದು ಇದಕ್ಕೇ ಅಂತ ನನ್ನ ನಂಬಿಕೆ. ಅಷ್ಟು ಹೊತ್ತು ನಾವೂ ಅವರ ಜೊತೆ ಹುಡುಕುತ್ತೇವೆ. ಮುಗಿದಾಗ ಅವರ ಮಗು ಸಿಗುತ್ತದೆ, ನಮ್ಮದು ಸಿಗುವುದಿಲ್ಲ. ಕಷ್ಟದ ಗಳಿಗೆ ಅದು. ಹಗಲಲ್ಲಿ ನೋಡಿ. ಮುಗಿದ ಕೂಡಲೇ ಅವರನ್ನು ಒಬ್ಬರೇ ಬಿಟ್ಟು ಹೋಗಬೇಡಿ.

ಸಿನಿಮಾ ಜಾಸ್ತಿ ನೋಡುವವರು:
‘ಡೋಂಟ್ ಲುಕ್ ನೌ’ (1973) ಮಾತ್ರ ಸದ್ಯಕ್ಕೆ ಬೇಡ. ಶುರುವಿನಲ್ಲೇ ಮಗು ನೀರಿನಲ್ಲಿ ಮುಳುಗುತ್ತದೆ, ಅಪ್ಪ ಎತ್ತಿಕೊಂಡು ಬರುತ್ತಾನೆ. ದೊಡ್ಡ ಸಿನಿಮಾ, ಅನುಮಾನವಿಲ್ಲ. ಆದರೆ ಈಗ ಬೇಡ.

‘ಸರ್ಚಿಂಗ್’ (2018) ನೋಡಬಹುದು. ಇಡೀ ಕಥೆ ಕಂಪ್ಯೂಟರ್, ಫೋನ್ ಪರದೆಗಳ ಮೇಲೇ ನಡೆಯುತ್ತದೆ. ಅಪ್ಪ ಮಗಳ ಲ್ಯಾಪ್‌ಟಾಪ್ ತೆರೆದು ಅವಳನ್ನು ಹುಡುಕುತ್ತಾ ಹೋಗುತ್ತಾನೆ. ತನ್ನ ಮಗಳೇ ತನಗೆ ಗೊತ್ತಿರಲಿಲ್ಲ ಅಂತ ಅರ್ಥವಾಗುತ್ತದೆ. ಕ್ರೌರ್ಯ ಕಡಿಮೆ, ಮಗಳು ಬದುಕಿ ಬರುತ್ತಾಳೆ. ಒಂದು ಎಚ್ಚರಿಕೆ: ಮೊದಲ ಕೆಲವು ನಿಮಿಷದಲ್ಲಿ ತಾಯಿ ಕ್ಯಾನ್ಸರ್‌ನಿಂದ ಸಾಯುತ್ತಾಳೆ. ಅವಳು ಆಸ್ಪತ್ರೆಯಿಂದ ಮನೆಗೆ ಬರುವ ದಿನ ಕ್ಯಾಲೆಂಡರ್‌ನಲ್ಲಿ ಮುಂದೆ ಹೋಗುತ್ತದೆ, ಆಮೇಲೆ ಅಳಿಸಿಹೋಗುತ್ತದೆ. ಕಾಯಿಲೆ ಕಂಡ ಮನೆಯವರಿಗೆ ಅದು ನೇರ ತಾಗುತ್ತದೆ. ಬೇಕಿದ್ದರೆ ಅಷ್ಟನ್ನು ಬಿಟ್ಟು ಮುಂದೆ ಹೋಗಿ, ಕಥೆ ತಿಳಿಯುತ್ತದೆ.

ಅಣ್ಣ ಕಾಣೆಯಾದ ಮನೆಯವರು:
ನಮ್ಮದು ಬೇರೆ ಥರದ ನೋವು. ಅಣ್ಣ ಎಲ್ಲಿದ್ದಾನೋ ಇಂದಿಗೂ ಗೊತ್ತಿಲ್ಲ. ಅಮೆರಿಕದ ಪಾಲಿನ್ ಬಾಸ್ ಅನ್ನುವವರು 1970ರ ದಶಕದಿಂದ ಇದರ ಬಗ್ಗೆ ಕೆಲಸ ಮಾಡಿದ್ದಾರೆ. ಮನುಷ್ಯ ಇದ್ದಾನೋ ಇಲ್ಲವೋ ತಿಳಿಯದಿದ್ದಾಗ ದುಃಖಕ್ಕೆ ಕೊನೆಯೇ ಸಿಗುವುದಿಲ್ಲ ಅನ್ನುತ್ತಾರೆ. ಇದನ್ನು ನಿಜವಾಗಿ ತೋರಿಸಿದ್ದು ರಷ್ಯಾದ ‘ಲವ್‌ಲೆಸ್’ (2017). ಬೇರೆಯಾಗುತ್ತಿರುವ ಅಪ್ಪ ಅಮ್ಮನ 12 ವರ್ಷದ ಮಗ ಮನೆ ಬಿಟ್ಟು ಹೋಗುತ್ತಾನೆ. ಪೊಲೀಸರು ತಾನಾಗೇ ಬರುತ್ತಾನೆ ಅನ್ನುತ್ತಾರೆ. ಸ್ವಯಂಸೇವಕರು ಸಾಲಾಗಿ ಕಾಡಿನಲ್ಲಿ ಹೆಸರು ಕೂಗುತ್ತಾ ಹುಡುಕುತ್ತಾರೆ. ಕೊನೆಗೂ ಖಚಿತ ಉತ್ತರ ಸಿಗುವುದಿಲ್ಲ. ನನಗೆ ಅದು ಬೇಕಿತ್ತು. ನಿಮ್ಮ ಅಕ್ಕನಿಗೆ ಬೇಡ ಅನ್ನಿಸಬಹುದು.

ಇದನ್ನು ಓದುವ ಎಲ್ಲರಿಗೂ ಒಂದು ಮಾತು. ದೂರು ಕೊಡಲು 24 ಗಂಟೆ ಕಾಯಬೇಕು ಅಂತ ಸಿನಿಮಾಗಳಲ್ಲಿ ಬರುತ್ತದಲ್ಲ, ಅದನ್ನು ನಂಬಬೇಡಿ. ಮಗು ಕಾಣದಿದ್ದರೆ ಕೂಡಲೇ ಪೊಲೀಸರಿಗೆ ತಿಳಿಸಿ.

ಕೇಳಿದವರು:
ಎಲ್ಲರಿಗೂ ತುಂಬಾ ಧನ್ಯವಾದ. ಅಕ್ಕನಿಗೆ ಎಲ್ಲ ಹೇಳಿದೆ. ಆದರೂ ‘ಪ್ರಿಸನರ್ಸ್’ ನೋಡೋಣ ಅಂದಳು. ಮಧ್ಯದಲ್ಲಿ ಅತ್ತರೆ ನಾನು ನಿಲ್ಲಿಸಿಬಿಡಬೇಕಾ?

ಮಗಳನ್ನು ಕಳೆದುಕೊಂಡ ತಾಯಿ:
ನೀವು ನಿಲ್ಲಿಸಬೇಡಿ. ರಿಮೋಟ್ ಅವರ ಕೈಗೆ ಕೊಡಿ. ಬೇಕಾದಾಗ ಅವರೇ ನಿಲ್ಲಿಸುತ್ತಾರೆ. ಅವರ ಮುಖವನ್ನೇ ನೋಡುತ್ತಾ ಕೂರಬೇಡಿ, ಅದು ತುಂಬಾ ಹಿಂಸೆಯಾಗುತ್ತದೆ. ಮಗನ ಮಾತು ಎತ್ತಿದರೆ ವಿಷಯ ಬದಲಿಸಬೇಡಿ. ಅವನ ಬಗ್ಗೆ ನಿಮಗೆ ನೆನಪಿರುವುದನ್ನೂ ಹೇಳಿ, ಅವನ ಹೆಸರು ಹಿಡಿದೇ ಹೇಳಿ.