ಅಪ್‌ಡೇಟ್: ಮುತ್ಯಾನ ಬಿದ್ರಿ ಡಬ್ಬಿ ಕೊನೆಗೂ ತೆರೆಯಿತು

ನಮ್ಮ ಮುತ್ಯಾನ (ಅಜ್ಜನ) ಬಿದ್ರಿ ಅಡಕೆ ಡಬ್ಬಿಯ (ಸತುವಿನ ಮಿಶ್ರಲೋಹ ಕಪ್ಪು ಮಾಡಿ, ಬೆಳ್ಳಿ ಕೂರಿಸಿದ್ದು) ಮುಚ್ಚಳ ಬಿಗಿದುಕೊಂಡಿದೆ, ಏನು ಮಾಡಲಿ ಅಂತ ಹೋದ ವಾರ ಕೇಳಿದ್ದೆ. ಕೊಬ್ಬರಿ ಎಣ್ಣೆ ಹೇಳಿದವರಿಗೆ ಶರಣು! ಸಂದಿಗೆ ನಾಲ್ಕು ಹನಿ ಬಿಟ್ಟು ಎರಡು ರಾತ್ರಿ ಸುಮ್ನೆ ಇಟ್ಟೆ, ತೆರೆಯಿತು. ಹುಣಸೆಹಣ್ಣು ಮಾತ್ರ ಬೇಡ್ರೀ. ಉಜ್ಜಿದ ಕಡೆ ಕಪ್ಪು ಹೋಗಿ ಸತುವಿನ ಬೂದು ಬಣ್ಣ ಕಾಣಿಸಿತು. ಬೀದರಿನ ಬಿದ್ರಿ ಕೆಲಸದವರೊಬ್ಬರು ಬೀದರ್ ಕೋಟೆಯ ಮಣ್ಣು, ನವಸಾಗರ ಅನ್ನೋ ಲವಣ ಹಾಕಿ ಮತ್ತೆ ಕಪ್ಪು ಮಾಡಿಕೊಟ್ಟರು. ಮೇಲಿನ ಬೆಳ್ಳಿ ಬಳ್ಳಿಯ ಚಿತ್ತಾರಕ್ಕೆ ಏನೂ ಆಗಿಲ್ಲ.

ಒಳಗೆ ಅಡಕೆ ಇರಲಿಲ್ಲ. ಚಾರ್‌ಮಿನಾರ್ ಚಿತ್ರದ, ಹೈದರಾಬಾದ್ ನಿಜಾಮರ ಕಾಲದ ಒಂದು ರೂಪಾಯಿ ನಾಣ್ಯ! 1948ರಲ್ಲಿ ರಜಾಕಾರರ (ನಿಜಾಮರ ಪರ ಇದ್ದ ಸಶಸ್ತ್ರ ಪಡೆ) ಹಾವಳಿಗೆ ಹೆದರಿ ಮುತ್ಯಾ ನಿಜಾಮರ ರಾಜ್ಯದ ಹೊರಗಿದ್ದ ಸೊಲ್ಲಾಪುರಕ್ಕೆ ಹೋದಾಗ ಜೊತೆಗಿದ್ದದ್ದಂತೆ. ಅಲ್ಲಿ ನಡೆಯುತ್ತಿದ್ದುದು ಕಲ್ದಾರ್ (ಬ್ರಿಟಿಷ್ ಭಾರತದ ರೂಪಾಯಿ), ನಿಜಾಮರ ಈ ಹಾಲಿ ಸಿಕ್ಕಾ ನಾಣ್ಯ ಯಾರೂ ತಗೊಳ್ಳಲಿಲ್ಲ, ಅದಕ್ಕೇ ಉಳಿದಿದೆ ಅಂತ ಅಪ್ಪ ನಕ್ಕರು. ಸೆಪ್ಟೆಂಬರ್‌ನಲ್ಲಿ ಭಾರತದ ಸೇನೆ ಹೈದರಾಬಾದ್ ವಶಮಾಡಿಕೊಂಡ ಪೊಲೀಸ್ ಕಾರ್ಯಾಚರಣೆ ಆದ ಮೇಲೆ ಮುತ್ಯಾ ವಾಪಸ್ ಬಂದರು, ಡಬ್ಬಿ ಸಮೇತ.