ಡಬಲ್ ಎ ತಂಡದ ಕೊನೆಯ ಜಾಗವೋ, ಸಿಂಗಲ್ ಎ ತಂಡದ ಮೊದಲ ಸಾಲೋ?

ಗುಂಪಿನ ಎಲ್ಲರಿಗೂ ನಮಸ್ಕಾರ. ಬರುವ ನವೆಂಬರ್‌ಗೆ ಒಂಬತ್ತು ತುಂಬಲಿರುವ ಮಗನಿಗೆ ಐಸ್ ಹಾಕಿಯ ಎರಡು ತಂಡಗಳಿಂದ ಕರೆ ಬಂದಿದೆ, ಮೇಲಿನ ಮಟ್ಟದ ಡಬಲ್ ಎ ತಂಡದಲ್ಲಿ ಕೊನೆಯ ಜಾಗವಿದೆ, ಒಂದು ಮೆಟ್ಟಿಲು ಕೆಳಗಿನ ಸಿಂಗಲ್ ಎ ತಂಡದಲ್ಲಿ ಮೊದಲ ಸಾಲಿನಲ್ಲೇ, ಅಂದರೆ ತಂಡದ ಮುಖ್ಯ ಆಟಗಾರರ ಗುಂಪಿನಲ್ಲೇ, ಆಡಿಸುತ್ತಾರೆ, ಯಾವುದನ್ನು ಒಪ್ಪಿಕೊಳ್ಳಬೇಕು ಎಂದು ನಮ್ಮ ಸಹೋದರಿಯೊಬ್ಬರು ಇಲ್ಲಿ ಕೇಳಿದ್ದಾರೆ. ನನ್ನ ಇಬ್ಬರು ಮಕ್ಕಳೂ ಕೆನಡಾದ ಒಂಟಾರಿಯೊ ಪ್ರಾಂತ್ಯದ ರಿಂಕ್‌ಗಳಲ್ಲೇ ಆಡಿ ಬೆಳೆದವರು. ಆ ಅನುಭವದ ಮೇಲೆ ಹೇಳುವುದಾದರೆ ಸಿಂಗಲ್ ಎ ತಂಡಕ್ಕೇ ಸೇರಿಸಿ ಎಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ನಮ್ಮಲ್ಲಿ ಹೆಚ್ಚಿನ ತಂದೆತಾಯಿಯರು ಈ ಆಟವನ್ನು ಎಂದೂ ಆಡಿದವರಲ್ಲ. ಆಟ ಓದಲು ಬಾರದಿದ್ದಾಗ ಕಣ್ಣಿಗೆ ಕಾಣುವ ಗುರುತನ್ನೇ ಹಿಡಿದುಕೊಳ್ಳುತ್ತೇವೆ. ಕೆಳಗಿನಿಂದ ಮೇಲಕ್ಕೆ ಹೌಸ್ ಲೀಗ್, ಸೆಲೆಕ್ಟ್, ಎ, ಡಬಲ್ ಎ, ಟ್ರಿಪಲ್ ಎ ಎಂಬ ಮೆಟ್ಟಿಲುಗಳು ಪ್ರವೇಶ ಪರೀಕ್ಷೆಯ ರ‍್ಯಾಂಕ್‌ ಪಟ್ಟಿಯಂತೆ ತೋರುವುದರಿಂದ, ಮೇಲಿನ ಮೆಟ್ಟಿಲು ಸಿಕ್ಕರೆ ಬಿಡಬಾರದೆಂಬ ಆತುರ ತಾನಾಗಿಯೇ ಹುಟ್ಟುತ್ತದೆ. ಆದರೆ ಆ ಅಕ್ಷರ ತಂಡ ಎಷ್ಟು ಬಲವಾಗಿದೆ ಎಂಬುದನ್ನಷ್ಟೇ ಹೇಳುತ್ತದೆ. ಆ ತಂಡದಲ್ಲಿ ನಿಮ್ಮ ಮಗ ಏನು ಕಲಿಯುತ್ತಾನೆ ಎಂಬುದನ್ನು ಹೇಳುವುದಿಲ್ಲ.

ಲೆಕ್ಕ ಹಾಕಿ ನೋಡಿ. ತಂಡದಲ್ಲಿ ಗೋಲು ಕಾಯುವವರನ್ನು ಬಿಟ್ಟು ಹದಿನೈದು ಮಕ್ಕಳಿದ್ದಾರೆ ಎಂದುಕೊಂಡರೆ, ಐಸ್ ಮೇಲೆ ಒಮ್ಮೆಗೆ ಇಳಿಯುವವರು ಐವರು. ಎಲ್ಲರಿಗೂ ಸಮನಾಗಿ ಹಂಚಿದರೂ ಒಂದು ಮಗುವಿಗೆ ಸಿಗುವುದು ಪಂದ್ಯದ ಮೂರನೆಯ ಒಂದು ಭಾಗ ಮಾತ್ರ, ಅದರಲ್ಲಿಯೂ ಚೆಂಡಿನ ಬದಲಿನ ರಬ್ಬರ್ ಬಿಲ್ಲೆಯಾದ ಒಂದೇ ಪಕ್‌ಗಾಗಿ ಎರಡೂ ಕಡೆಯ ಹತ್ತು ಮಕ್ಕಳು ಓಡುತ್ತಿರುತ್ತಾರೆ. ಗೆಲ್ಲಲೇಬೇಕೆಂದು ಹೊರಟ ಕೋಚ್ ಕೊನೆಯ ನಿಮಿಷಗಳಲ್ಲಿ ಕೆಲವೇ ಮಕ್ಕಳನ್ನು ಮತ್ತೆ ಮತ್ತೆ ಇಳಿಸಿದರೆ, ಕೊನೆಯ ಜಾಗದಲ್ಲಿರುವ ಹುಡುಗ ಒತ್ತಡದ ಆಟವನ್ನು ಬೆಂಚಿನಲ್ಲಿ ಕುಳಿತೇ ನೋಡಬೇಕಾಗುತ್ತದೆ. ಇದಲ್ಲದೆ, ಒಂಬತ್ತರ ಒಳಗಿನ ವಿಭಾಗದಲ್ಲಿ ದೇಶದ ಹಾಕಿ ಸಂಸ್ಥೆಯಾದ ಹಾಕಿ ಕೆನಡಾದ ನಿಯಮದಂತೆ ಬಹುಪಾಲು ಅರ್ಧ ಐಸಿನಲ್ಲೇ ಆಡಿದ ಮಕ್ಕಳು ಈಗ ಪೂರ್ಣ ಐಸಿಗೆ ಹೋಗುತ್ತಿದ್ದಾರೆ. ಚಿಕ್ಕ ಜಾಗದಲ್ಲಿ ಪಕ್ ಪದೇ ಪದೇ ಸ್ಟಿಕ್ಕಿಗೆ ತಾಗುತ್ತಿತ್ತು, ಇನ್ನು ಮುಂದೆ ಅದು ದೂರದಲ್ಲಿರುತ್ತದೆ. ಪಕ್ ಮುಟ್ಟುವ ಅವಕಾಶ ಕಡಿಮೆಯಾಗುವ ವರ್ಷದಲ್ಲಿಯೇ ಐಸ್ ಮೇಲಿನ ಸಮಯವನ್ನೂ ಕಳೆದುಕೊಳ್ಳುವುದು ಬೇಡ.

ಹುಟ್ಟಿದ ತಿಂಗಳನ್ನು ಸಹೋದರಿ ಸುಮ್ಮನೆ ಉಲ್ಲೇಖಿಸಿದಂತಿದೆ, ನನಗೆ ಅದೇ ಮುಖ್ಯವೆನಿಸಿತು. ಇಲ್ಲಿ ವಯೋಮಿತಿಯನ್ನು ಜನವರಿಯಿಂದ ಡಿಸೆಂಬರ್‌ವರೆಗಿನ ಹುಟ್ಟಿದ ವರ್ಷದಿಂದ ಎಣಿಸುವುದರಿಂದ, ನವೆಂಬರ್ ಮಗು ತನಗಿಂತ ಹತ್ತು ತಿಂಗಳು ದೊಡ್ಡವರಾದವರ ಜೊತೆ ಆಯ್ಕೆ ಪರೀಕ್ಷೆಯಾದ ಟ್ರೈಔಟ್‌ಗೆ ನಿಲ್ಲುತ್ತದೆ. ಎಂಟು ವರ್ಷದ ಮಗುವಿಗೆ ಹತ್ತು ತಿಂಗಳೆಂದರೆ ಅದರ ಆಯುಸ್ಸಿನ ಹತ್ತನೆಯ ಒಂದು ಭಾಗ. ಎತ್ತರ, ಕಾಲಿನ ಬಲ, ಹೇಳಿದ್ದನ್ನು ಗ್ರಹಿಸುವ ಶಕ್ತಿ ಎಲ್ಲದರಲ್ಲಿಯೂ ಆ ಅಂತರ ಕಾಣುತ್ತದೆ. ಕೆನಡಾದ ಮೇಲ್ಮಟ್ಟದ ತಂಡಗಳಲ್ಲಿ ವರ್ಷದ ಮೊದಲ ತಿಂಗಳುಗಳಲ್ಲಿ ಹುಟ್ಟಿದವರೇ ಹೆಚ್ಚಾಗಿ ತುಂಬಿರುತ್ತಾರೆ ಎಂಬುದನ್ನು ಸಂಶೋಧಕರು 1985ರಲ್ಲಿಯೇ ತೋರಿಸಿದ್ದಾರೆ. ಮೊದಲು ಆಯ್ಕೆಯಾದವರಿಗೆ ಉತ್ತಮ ಕೋಚ್, ಹೆಚ್ಚು ಐಸ್, ಕಠಿಣ ಪಂದ್ಯ ಸಿಗುತ್ತವೆ; ಹೀಗಾಗಿ ಕೇವಲ ವಯಸ್ಸಿನ ಅಂತರವಾಗಿದ್ದದ್ದು ನಾಲ್ಕು ವರ್ಷಗಳಲ್ಲಿ ನಿಜವಾದ ಆಟದ ಅಂತರವಾಗಿಬಿಡುತ್ತದೆ. ನವೆಂಬರ್ ಮಗುವಿಗೆ ಡಬಲ್ ಎ ತಂಡದ ಕೊನೆಯ ಜಾಗ ಸಿಕ್ಕಿದೆ ಎಂದರೆ ಅವನಲ್ಲಿ ಏನೋ ಇದೆ ಎಂದೇ ಅರ್ಥ. ಅವನು ದೈಹಿಕವಾಗಿ ಅವರ ಸಮಕ್ಕೆ ಬರುವವರೆಗೆ ಆಟವನ್ನು ಬಿಡದಂತೆ ನೋಡಿಕೊಳ್ಳುವುದೇ ಈಗಿನ ಕೆಲಸ.

ರಿಂಕ್‌ನಲ್ಲಿ ಏನನ್ನು ನೋಡಬೇಕು ಎಂದು ಇನ್ನೊಬ್ಬರು ಕೇಳಿದ್ದರು. ಗೋಲುಗಳ ಎಣಿಕೆ ಬಿಟ್ಟುಬಿಡಿ; ಒಂಬತ್ತು ವರ್ಷದವರಲ್ಲಿ ವೇಗವಾಗಿ ನೇರ ಓಡುವ ಹುಡುಗ ಯಾವಾಗಲೂ ಗೋಲು ಹೊಡೆಯುತ್ತಾನೆ. ಪಕ್ ತನ್ನ ಕಡೆ ಬರುವ ಮುನ್ನ ಮಗು ಒಮ್ಮೆ ತಲೆ ತಿರುಗಿಸಿ ಹಿಂದೆ ಯಾರಿದ್ದಾರೆ ಎಂದು ನೋಡುತ್ತದೆಯೇ, ಅಥವಾ ಕಣ್ಣು ಪಕ್ಕಿಗೇ ಅಂಟಿರುತ್ತದೆಯೇ? ಬಲಕ್ಕೆ ತಿರುಗುವಾಗ ಕಾಲಿನ ಮೇಲೆ ಕಾಲು ದಾಟಿಸಿ ಕ್ರಾಸ್‌ಓವರ್ ಮಾಡುವ ಮಗು ಎಡಕ್ಕೆ ತಿರುಗುವಾಗಲೂ ಹಾಗೆಯೇ ಮಾಡುತ್ತದೆಯೇ, ಇಲ್ಲ ಅಗಲವಾಗಿ ಸುತ್ತಿ ಬರುತ್ತದೆಯೇ? ಪಕ್ ಕಳೆದುಕೊಂಡ ಮರುಕ್ಷಣ ಅಲ್ಲಿಯೇ ನಿಂತು ಸ್ಟಿಕ್ ಕುಟ್ಟುತ್ತದೆಯೇ, ತಿರುಗಿ ಬೆನ್ನಟ್ಟುತ್ತದೆಯೇ? ಈ ಮೂರನ್ನು ಗಮನಿಸಿದರೆ ಸ್ಕೋರ್‌ಬೋರ್ಡ್ ಹೇಳದ ಬೆಳವಣಿಗೆ ತಿಳಿಯುತ್ತದೆ, ಮತ್ತು ಇವುಗಳನ್ನು ಗುರುತಿಸಲು ನಾವು ಸ್ಕೇಟ್ ಹಾಕಿದವರೇ ಆಗಿರಬೇಕಿಲ್ಲ. ಇನ್ನೊಂದು ವಿಷಯ: ತಪ್ಪು ಮಾಡಿದ ಕೂಡಲೇ ಗಾಜಿನಾಚೆ ಕುಳಿತ ಅಪ್ಪನ ಮುಖವನ್ನು ಹುಡುಕುವ ಮಗು ಮುಂದಿನ ಬಾರಿ ಹೊಸದೇನನ್ನೂ ಪ್ರಯತ್ನಿಸುವುದಿಲ್ಲ. ಕಾರಿನಲ್ಲಿ ಮನೆಗೆ ಹಿಂದಿರುಗುವಾಗ ನಡೆಸುವ ಪಂದ್ಯದ ಮರುಪರಿಶೀಲನೆಯನ್ನಂತೂ ನಮ್ಮ ಸಮುದಾಯ ದಯವಿಟ್ಟು ಕೈಬಿಡಬೇಕು.

ಕೋಚ್‌ಗೆ ಕರೆ ಮಾಡಿ ವಾದಿಸುವ ಅಭ್ಯಾಸವೂ ನಮ್ಮಲ್ಲಿದೆ. ಪಂದ್ಯ ಮುಗಿದ ಇಪ್ಪತ್ನಾಲ್ಕು ಗಂಟೆಗಳವರೆಗೆ ದೂರು ತರಬಾರದೆಂಬ ನಿಯಮವನ್ನು ಅನೇಕ ತಂಡಗಳು ಇಟ್ಟುಕೊಂಡಿವೆ; ಒಳ್ಳೆಯ ನಿಯಮ, ಮರುದಿನಕ್ಕೆ ಅರ್ಧ ದೂರುಗಳು ಉಳಿದಿರುವುದೇ ಇಲ್ಲ.

ಪೆಟ್ಟಿನ ಭಯದ ಬಗ್ಗೆ ಕೇಳಿದವರಿಗೆ: ದೇಹದಿಂದ ಡಿಕ್ಕಿ ಹೊಡೆಯುವ ಬಾಡಿ ಚೆಕಿಂಗ್ ಅನ್ನು ಹಾಕಿ ಕೆನಡಾ 2013ರಲ್ಲಿ ಹನ್ನೊಂದು-ಹನ್ನೆರಡು ವಯಸ್ಸಿನ ವಿಭಾಗದಿಂದ ತೆಗೆದುಹಾಕಿತು. ಚೆಕಿಂಗ್‌ಗೆ ಅವಕಾಶವಿದ್ದ ಆಲ್ಬರ್ಟಾದ ಮಕ್ಕಳನ್ನು ಅವಕಾಶವಿಲ್ಲದ ಕ್ವಿಬೆಕ್‌ನ ಮಕ್ಕಳೊಂದಿಗೆ ಹೋಲಿಸಿ 2010ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಲೆಪೆಟ್ಟಿನ ಅಪಾಯ ಆಲ್ಬರ್ಟಾದಲ್ಲಿ ಮೂರು ಪಟ್ಟಿಗಿಂತ ಹೆಚ್ಚು ಕಂಡುಬಂದಿತ್ತು. ಈಗ ಬಾಡಿ ಚೆಕಿಂಗ್ ಹದಿನೈದರ ಒಳಗಿನ ವಿಭಾಗದ ಸ್ಪರ್ಧಾತ್ಮಕ ಮಟ್ಟಗಳಲ್ಲಿ ಆರಂಭವಾಗುತ್ತದೆ. ಚೆಕಿಂಗ್ ಇಲ್ಲದಿದ್ದರೂ ಜಾರಿ ರಿಂಕಿನ ಸುತ್ತಲಿನ ಬೋರ್ಡಿಗೆ ತಲೆ ತಾಗುವುದುಂಟು. ಒಂಟಾರಿಯೊದಲ್ಲಿ 2018ರ ರೋವನ್ ಕಾನೂನಿನ ಪ್ರಕಾರ, ಕನ್ಕಶನ್ (ಮೆದುಳಿಗೆ ತಾಗಿದ ಪೆಟ್ಟು) ಎಂಬ ಅನುಮಾನ ಬಂದರೂ ಮಗುವನ್ನು ಕೂಡಲೇ ಆಟದಿಂದ ಹೊರಗೆ ಕರೆಯಬೇಕು, ವೈದ್ಯಕೀಯ ಅನುಮತಿ ಇಲ್ಲದೆ ಮತ್ತೆ ಇಳಿಸುವಂತಿಲ್ಲ. ಟೂರ್ನಮೆಂಟಿನ ಫೈನಲ್ ಇದೆ ಎಂದು ಮಗುವಿನ ತಲೆನೋವನ್ನು ಮುಚ್ಚಿಡುವ ಪೋಷಕರನ್ನು ನಾನು ನೋಡಿದ್ದೇನೆ, ಅದು ಅಕ್ಷಮ್ಯ. ಸಾಮಗ್ರಿಗಳಲ್ಲಿ ಪ್ಯಾಂಟ್, ಶಿನ್ ಪ್ಯಾಡ್‌ಗಳನ್ನು ಯಾರೋ ಬಳಸಿದ್ದನ್ನು ಧಾರಾಳವಾಗಿ ಕೊಳ್ಳಿ, ಹೆಲ್ಮೆಟ್ ಮಾತ್ರ ಹೊಸದಾಗಿರಲಿ.

ಅಮೆರಿಕದ ಕಾಲೇಜು ವಿದ್ಯಾರ್ಥಿವೇತನದ ಆಸೆ ಇಟ್ಟುಕೊಂಡು ಈಗಲೇ ಮೇಲಿನ ತಂಡ ಹಿಡಿಯುವವರೂ ಇದ್ದಾರೆ. ಅದರಾಚೆಯ ಕನಸಾದ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ 32 ತಂಡಗಳು, ಹೊಸ ಆಟಗಾರರನ್ನು ಆರಿಸುವ ಏಳು ಸುತ್ತುಗಳು, ವರ್ಷಕ್ಕೆ ಜಗತ್ತಿನಿಂದೆಲ್ಲ ಆಯ್ಕೆಯಾಗುವವರು 224 ಹುಡುಗರು. ಭಾರತೀಯ ಮೂಲದವರಲ್ಲಿ ಮೊದಲಿಗರಾಗಿ ರಾಬಿನ್ ಬಾವಾ 1989ರಲ್ಲಿ ಅಲ್ಲಿ ಆಡಿದರು. ಅವರ ನಂತರ ಆ ಮಟ್ಟ ಮುಟ್ಟಿದವರನ್ನು ಇಂದಿಗೂ ಬೆರಳಲ್ಲಿ ಎಣಿಸಬಹುದು. ಕಾಲೇಜು ಹಾಕಿಯ ವಿಷಯಕ್ಕೆ ಬಂದರೆ, ಹದಿಹರೆಯದವರ ಅತ್ಯುನ್ನತ ಮಟ್ಟವಾದ ಕೆನಡಾದ ಮೇಜರ್ ಜೂನಿಯರ್ ಲೀಗ್‌ಗಳಲ್ಲಿ ಆಡಿದವರಿಗೆ ಮುಚ್ಚಿದ್ದ ಬಾಗಿಲನ್ನು ಅಮೆರಿಕದ ಕಾಲೇಜು ಕ್ರೀಡೆಗಳ ಸಂಸ್ಥೆಯಾದ ಎನ್‌ಸಿಎಎ 2025ರ ಆಗಸ್ಟ್‌ನಿಂದ ತೆರೆದಿದೆ. ಹದಿನಾರರ ವಯಸ್ಸಿನಲ್ಲಿಯೇ ದಾರಿ ಆರಿಸಿಕೊಳ್ಳುವ ಒತ್ತಡ ಇದರಿಂದ ಕಡಿಮೆಯಾಯಿತು. ಆದರೆ ಅದೇ ಕಾಲೇಜು ಸ್ಥಾನಗಳಿಗೆ ಇನ್ನಷ್ಟು ಬಲಿಷ್ಠ ಆಟಗಾರರು ಸ್ಪರ್ಧೆಗೆ ಬಂದಿದ್ದಾರೆ. ಮೇಲಿನ ಮಟ್ಟದಲ್ಲಿ ಶುಲ್ಕ, ಪವರ್ ಸ್ಕೇಟಿಂಗ್ ತರಗತಿ, ಟೂರ್ನಮೆಂಟಿನ ಹೋಟೆಲು ಸೇರಿ ವರ್ಷಕ್ಕೆ ಹತ್ತು ಸಾವಿರ ಡಾಲರ್ ದಾಟುವುದು ಅಪರೂಪವೇನಲ್ಲ. ಆ ಹಣವನ್ನು ಶಿಕ್ಷಣ ಉಳಿತಾಯದ ಖಾತೆಗೇ ಹಾಕಿದರೆ ವಿದ್ಯಾರ್ಥಿವೇತನ ಇನ್ನೂ ಖಚಿತವಾಗಿ ಸಿಗುತ್ತದೆ.

ಬೇಸಿಗೆಯ ತಂಡಕ್ಕೂ ಸೇರಿಸಬೇಕೇ ಎಂಬ ಪ್ರಶ್ನೆಗೆ ಬೇಡ ಎನ್ನುತ್ತೇನೆ. ಐಸ್ ಹಾಕಿಯ ಮಹಾನ್ ಆಟಗಾರ ವೇಯ್ನ್ ಗ್ರೆಟ್ಸ್ಕಿಯೂ ಬಾಲ್ಯದ ಬೇಸಿಗೆಗಳಲ್ಲಿ ಬೇಸ್‌ಬಾಲ್, ಲಕ್ರಾಸ್ ಆಡುತ್ತಿದ್ದರು. ಭಾನುವಾರದ ಕನ್ನಡ ತರಗತಿಗೂ ಬೇಸಿಗೆಯಲ್ಲಾದರೂ ಮಗು ತಪ್ಪದೆ ಬರಲಿ.

ಸಹೋದರಿಗೆ ಕೊನೆಯದಾಗಿ: ಸಹಿ ಹಾಕುವ ಮುನ್ನ ಸಿಂಗಲ್ ಎ ಕೋಚ್ ನಡೆಸುವ ಒಂದು ಅಭ್ಯಾಸವನ್ನು ಮೇಲೆ ಕುಳಿತು ಪೂರ್ತಿ ನೋಡಿ. ಮಕ್ಕಳು ಸಾಲುಗಟ್ಟಿ ತಮ್ಮ ಸರದಿಗೆ ಕಾಯುತ್ತಲೇ ಇದ್ದರೆ, ಅಥವಾ ಕೋಚ್ ಬಿಳಿ ಹಲಗೆಯ ಮುಂದೆ ಮಾತಾಡುತ್ತಲೇ ಇದ್ದರೆ, ಆ ತಂಡವನ್ನು ಬಿಟ್ಟು ಇನ್ನೊಂದು ಸಿಂಗಲ್ ಎ ತಂಡವನ್ನು ವಿಚಾರಿಸಿ. ಸೋಲುತ್ತಿರುವಾಗ ಎಲ್ಲರನ್ನೂ ಸರದಿಯಂತೆ ಇಳಿಸುತ್ತೀರಾ, ಈ ವಯಸ್ಸಿನಲ್ಲಿ ಡಿಫೆನ್ಸ್ ಮತ್ತು ಫಾರ್ವರ್ಡ್ ಎರಡನ್ನೂ ಆಡಿಸುತ್ತೀರಾ ಎಂದು ನೇರವಾಗಿ ಕೇಳಿ. ಒಮ್ಮೆ ಸಹಿ ಹಾಕಿದರೆ ಆ ಋತು ಮುಗಿಯುವವರೆಗೆ ಬೇರೆ ತಂಡಕ್ಕೆ ಹೋಗಲು ಬಿಡುಗಡೆ ಪತ್ರ ಬೇಕಾಗುತ್ತದೆ, ಅದನ್ನು ಕೊಡಲೇಬೇಕೆಂದೇನೂ ಇಲ್ಲ. ಆದ್ದರಿಂದ ಕೇಳುವುದನ್ನೆಲ್ಲ ಅದಕ್ಕೂ ಮೊದಲೇ ಕೇಳಿ ಮುಗಿಸಿ.